ಮಿಲ್ಪಿಟಾಸಿನ ಟೆಂಟು, ಇಂಗ್ಲೆಂಡಿನ ಮಳೆ

ಎಂಬತ್ತರ ದಶಕದ ನಡುವಿನ ಮಾತು. ನಾವು ಆಗ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಹೆಂಡತಿಗೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ. ಮದುವೆಗೆ ಮುಂಚೆ ಅವಳು ಮೈಸೂರಿನ ಹೈಸ್ಕೂಲೊಂದರಲ್ಲಿ ಆರು ವರ್ಷ ಭೂಗೋಳ ಕಲಿಸಿದ್ದಳು. ದಕ್ಷಿಣ ಇಂಗ್ಲೆಂಡಿನ ಸುಣ್ಣದ ಗುಡ್ಡ, ಉತ್ತರದ ಸರೋವರಗಳು, ವೇಲ್ಸಿನ ಕಡಲಂಚು, ಎಲ್ಲವನ್ನೂ ಪಾಠ ಮಾಡಿದ್ದಳು. ಯಾವುದನ್ನೂ ಕಂಡಿರಲಿಲ್ಲ.

ಅದುವರೆಗಿನ ರಜೆಗಳೆಲ್ಲ ಬೆಂಗಳೂರಿಗೆ ಹೋಗಿದ್ದವು. ಆ ವರ್ಷದ ಮೂರು ವಾರವನ್ನು ಅವಳು ಈ ಮೂರು ಜಾಗಗಳಿಗೆಂದೇ ಎತ್ತಿಟ್ಟಳು. ಲಂಡನ್ನಿನಲ್ಲಿರುವ ನನ್ನ ದೊಡ್ಡಪ್ಪನ ಮಗನ ಮನೆಯಲ್ಲಿ ಉಳಿಯೋಣವೆಂದು ನಾನು ಹೇಳಿ ನೋಡಿದೆ.

"ಅಲ್ಲಿಗೆ ಹೋದ್ರೆ ನಾನು ನಿಮ್ಮ ಅತ್ತಿಗೆ ಜೊತೆ ಚಪಾತಿ ಲಟ್ಟಿಸ್ತಾ ಕೂತಿರ್ತೀನಿ, ಅಷ್ಟೇರೀ," ಅಂದಳು. "ಅದನ್ನ ಮಿಲ್ಪಿಟಾಸಲ್ಲೇ ಮಾಡ್ಬಹುದು. ಟೆಂಟು ತಗೊಂಡು ಹೋಗೋಣ."

ನಮ್ಮೂರಿಗೆ ಹತ್ತಿರದ ಪ್ಲೆಸೆಂಟನ್ನಿನ ಆಚೆಯ ಗುಡ್ಡಗಳಲ್ಲಿ ಮೂರು ಶನಿವಾರ ಟೆಂಟು ಹಾಕಿ ಅಭ್ಯಾಸ ಮಾಡಿದೆವು. ಅಲ್ಲಿ ಮೇ ತಿಂಗಳಿಗೇ ಹುಲ್ಲು ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ. ಬೇಸಿಗೆ ಮುಗಿಯುವ ತನಕ ಒಂದು ಹನಿ ಬೀಳುವುದಿಲ್ಲ. ಟೆಂಟಿನ ಮೇಲೆ ಮಳೆಗೆ ಹೊದಿಸುವ ಹಾಳೆಯನ್ನು ನಾವು ಚೀಲದಿಂದ ತೆಗೆದೇ ಇರಲಿಲ್ಲ. ಸೂಟ್‌ಕೇಸು ತುಂಬುವಾಗ ಕುಕ್ಕರಿಗೆ, ಬೇಳೆಗೆ, ಹುಳಿಪುಡಿಗೆ ಜಾಗ ಸಾಲಲಿಲ್ಲ. ಆ ಹಾಳೆಯನ್ನು ತೆಗೆದಿಟ್ಟವನು ನಾನು. ಅವಳು ನೋಡಿದಳು, ಬೇಡ ಅನ್ನಲಿಲ್ಲ.

ಸುಣ್ಣದ ಗುಡ್ಡಗಳಲ್ಲಿ ನಾಲ್ಕು ದಿನವೂ ಬಿಸಿಲಿತ್ತು. ಕುರಿಗಳು ಮೇಯ್ದು ಗಿಡ್ಡವಾದ ಹುಲ್ಲು, ಅದರ ನಡುವೆ ಬೆಳ್ಳನೆಯ ಕಾಲುದಾರಿ. ನೆಲದಿಂದ ಸೀಮೆಸುಣ್ಣದಂಥ ಒಂದು ಚೂರು ಕಿತ್ತು ಅವಳು ಒಂಬತ್ತು ವರ್ಷದ ಮಗಳ ಅಂಗೈಗೆ ಹಾಕಿದಳು. ಮಗಳು ಅದರಿಂದ ಬೇಲಿಯ ಕಂಬದ ಮೇಲೆ ತನ್ನ ಹೆಸರು ಬರೆದಳು.

ಸರೋವರಗಳ ಸೀಮೆಗೆ ಹೋದ ಮಧ್ಯಾಹ್ನವೇ ಮಳೆ ಹಿಡಿಯಿತು. ನಮ್ಮ ಟೆಂಟಿನ ನೆತ್ತಿ ಬರೀ ಸೊಳ್ಳೆಪರದೆಯಂಥ ಬಲೆ.

"ಅಪ್ಪಾ, ಇಟ್ಸ್ ರೈನಿಂಗ್ ಇನ್‌ಸೈಡ್," ಅಂದಳು ಮಗಳು.

"ಗೇಟಿನ ಹತ್ರ ಫೋನಿದೆ. ಲಂಡನ್ನಿಗೆ ಮಾಡ್ತೀನಿ," ಅಂದೆ.

"ಮಾಡಿ. ಊಟಕ್ಕೆ ಇಬ್ರು ಬರ್ತಾರೆ ಅಂತ ಹೇಳಿ," ಅಂದಳು ಹೆಂಡತಿ. "ನಾನು ವೇಲ್ಸ್ ನೋಡ್ಕೊಂಡು ಆಮೇಲೆ ಬರ್ತೀನಿ."

ನಾನು ಫೋನ್ ಮಾಡಲಿಲ್ಲ. ಅವಳು ಸೀರೆ ಎತ್ತಿಕಟ್ಟಿ ಟೆಂಟು ಹಾಕಿದ್ದ ಜಾಗದ ಒಡತಿಯ ಮನೆಗೆ ನಡೆದಳು. ಬರುವಾಗ ಹುಲ್ಲಿನ ಬಣವೆಗೆ ಮುಚ್ಚುವ ಕರಿ ಪ್ಲಾಸ್ಟಿಕ್ಕು ಅವಳ ಹೆಗಲ ಮೇಲಿತ್ತು. ಹೊದಿಕೆಯಿಲ್ಲದೆ ಎಲ್ಲಿಂದ ಬಂದಿರಿ ಎಂದು ಆ ಮುದುಕಿ ಕೇಳಿದಳಂತೆ. ಕ್ಯಾಲಿಫೋರ್ನಿಯಾ ಅಂದದ್ದಕ್ಕೆ ಮತ್ತೇನೂ ಕೇಳಲಿಲ್ಲವಂತೆ.

ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಮಳೆ ನಿಂತಿತ್ತು. ಹಸಿರೆಂದರೆ ಒಂದೇ ಬಣ್ಣವೆಂದುಕೊಂಡಿದ್ದೆ. ಎದುರಿನ ಬೆಟ್ಟದಲ್ಲಿ ಕಲ್ಲಿನ ಗೋಡೆಗಳು ಹೊಲಗಳನ್ನು ಬೇರೆ ಬೇರೆ ಮಾಡಿದ್ದವು, ಒಂದು ಹೊಲದ ಹಸಿರು ಇನ್ನೊಂದರಲ್ಲಿ ಇರಲಿಲ್ಲ. ಕೆಳಗೆ ಸರೋವರ ಸೀಸದ ಬಣ್ಣಕ್ಕಿತ್ತು. ಅಲ್ಲಿ ಒಂದು ವಾರ ಉಳಿದೆವು.

ವೇಲ್ಸಿನಲ್ಲಿ ಮಂಜು. ಕಡಲಿನ ಸದ್ದು ಕೇಳುತ್ತಿತ್ತು, ಕಡಲು ಕಾಣುತ್ತಿರಲಿಲ್ಲ. ಎರಡು ದಿನ ಬಂಡೆಯಂಚಿನವರೆಗೆ ಹೋಗಿ ಮರಳಿದೆವು. ಮಗಳಿಗೆ ನೆಗಡಿಯಾಯಿತು. ಉಳಿದಿದ್ದ ದಿನಗಳಿಗೆ ಲಂಡನ್ನಿನಲ್ಲಿ ಬಿಸಿನೀರು, ಮೆತ್ತನೆಯ ಹಾಸಿಗೆ ಕಾದಿದ್ದವು.

"ಬಂದಾಯ್ತಲ್ಲ, ಜಾಗ ನೋಡಿದ ಹಾಗೇ ಆಯ್ತು," ಅಂದೆ.

"ಎಲ್ಲಿ ನೋಡ್ದೆ? ಮಂಜು ನೋಡ್ದೆ. ಅದು ನಮ್ಮ ಮನೆ ಹತ್ರ ಡೇಲಿ ಸಿಟಿಗೆ ಹೋಗಿದ್ರೂ ಕಾಣ್ತಿತ್ತು, ಅಲ್ಲಿ ದಿನಾ ಮಂಜೇ."

ಇನ್ನೂ ಮೂರು ದಿನ ಕಾದೆವು. ವಿಮಾನದ ಹಿಂದಿನ ದಿನ ಬೆಳಿಗ್ಗೆ ಮಂಜು ಸರಿಯಿತು. ಬಂಡೆಗಳು ಕಪ್ಪಗಿದ್ದವು, ಅವುಗಳ ಬುಡದಲ್ಲಿ ನೀರು ಹಸಿರಾಗಿತ್ತು, ಅಂಚಿನುದ್ದಕ್ಕೂ ಹುಲ್ಲಿನಲ್ಲಿ ಪುಟ್ಟ ಗುಲಾಬಿ ಬಣ್ಣದ ಹೂಗಳಿದ್ದವು. ಅವಳು ಮಗಳ ಕೈಹಿಡಿದು ದಾರಿ ಮುಗಿಯುವಲ್ಲಿಯವರೆಗೂ ನಡೆದಳು. ಹನ್ನೆರಡು ಗಂಟೆಯೊಳಗೆ ಹೊರಡಬೇಕಿತ್ತು, ನಾನು ಟೆಂಟಿನ ಗೂಟ ಕೀಳತೊಡಗಿದೆ. ಅವರು ಮರಳಿದಾಗ ಒಂದೂವರೆ.