ಬಿದರಹಕ್ಕಲದಲ್ಲಿ ನಿಲ್ಲುವ ಬಸ್ಸು

ಹಳಿಯಾಳದ ನನ್ನ ಅಂಗಡಿಯಿಂದ, ಇರುವುದು ಒಬ್ಬಳೇ ಆದರೂ ನಾಲ್ಕು ಮನೆಗಾಗುವಷ್ಟು ಬೆಲ್ಲ ಒಯ್ಯುತ್ತಿದ್ದವಳು ಮಾಲವ್ವ. ಬಾಯಿಚಪಲ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಬೆಲ್ಲ ಮನೆಗೆ ಬಂದವರ ಕೈಗೆ ನೀರಿನ ಜೊತೆ ಕೊಡಲಿಕ್ಕೆ. ಬರುವವರು ಮಾತ್ರ ಯಾರೂ ಇರಲಿಲ್ಲ.

ಅವಳ ಊರು ಬಿದರಹಕ್ಕಲ. ದಾಂಡೇಲಿ ರಸ್ತೆಯ ಮಗ್ಗುಲಲ್ಲಿ, ಕಾಡಿನ ನಡುವೆ ಐದು ಮನೆ. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದ ಮೇಲೆ ಉಳಿದ ನಾಲ್ಕು ಮನೆಯವರೂ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಸಿದರು. ಹತ್ತುವವರಿಲ್ಲವೆಂದು ಬಸ್ಸೂ ನಿಲ್ಲುವುದನ್ನು ಬಿಟ್ಟಿತು. ಪಕ್ಕದ ಮನೆಯ ಗೋದುಬಾಯಿ ಹೋಗುವಾಗ ಇವಳ ಕೈ ಹಿಡಿದು, ಹಬ್ಬಕ್ಕೆಲ್ಲ ಬರುತ್ತೇನೆ ಎಂದಿದ್ದಳಂತೆ. ಬರಲಿಲ್ಲ. ಬಸ್ಸು ನಿಲ್ಲದಿದ್ದರೆ ಪಾಪ, ಮಕ್ಕಳನ್ನು ಕಟ್ಟಿಕೊಂಡು ಹೇಗೆ ಬಂದಾಳು ಎಂದು ಮಾಲವ್ವ ತಾನೇ ಉತ್ತರ ಹುಡುಕಿಕೊಂಡಿದ್ದಳು. ನೀನೇ ಹೋಗಿ ಬಾ ಎಂದು ನಾನು ಹೇಳಿದರೆ ಒಪ್ಪಲಿಲ್ಲ. ಬರುತ್ತೇನೆಂದವರ ಮನೆಗೆ ತಾನು ಹೋಗಿ ನಿಂತರೆ, ಕೊಟ್ಟ ಮಾತು ನೆನಪಿಸಲು ಬಂದಂತಾಗುತ್ತದೆ ಎಂದಳು. ಬಸ್ಸು ನಿಂತರೆ ಅವರೇ ಬರುತ್ತಾರೆ.

ಅರವತ್ತೆರಡರ ಚುನಾವಣೆ ಆಗಷ್ಟೇ ಮುಗಿದಿತ್ತು. ಓಟು ಹಾಕಿದ್ದೇನೆ, ಕೇಳಿಯೇ ಬಿಡುತ್ತೇನೆ ಎಂದು ಹೊರಟಳು. ಯಾರನ್ನು ಕೇಳಬೇಕೆಂಬುದು ಗೊತ್ತಿರಲಿಲ್ಲ. ಪಂಚಾಯ್ತಿ ಮೆಂಬರ ಗೂಳಪ್ಪ, ಬಾವಿಗೆ ನೀರು ಸೇದುವ ಗಡಗಡಿ ಬೇಕಾದರೆ ಹಾಕಿಸಿಯೇನು, ಬಸ್ಸು ನನ್ನ ಕೈಯಲ್ಲಿಲ್ಲ ಎಂದ. ತಾಲೂಕು ಬೋರ್ಡಿನ ನಾಗಲಿಂಗಪ್ಪ ಚಹಾ ಕುಡಿಸಿ, ಮಕ್ಕಳ ಸಾಲಿಯ ಗೋಡೆ, ಹಳ್ಳಿಯ ದಾರಿ ತನ್ನವೆಂದೂ, ದೊಡ್ಡ ರಸ್ತೆಯ ಮೇಲೆ ಓಡುವುದು ತನ್ನದಲ್ಲವೆಂದೂ ತಿಳಿಹೇಳಿದ. ದಿಲ್ಲಿಯ ಲೋಕಸಭೆಗೆ ಆರಿಸಿ ಹೋದ ಖಾಸದಾರರು ಹಳಿಯಾಳಕ್ಕೆ ಬಂದಾಗ ಅವರ ಮುಂದೆಯೂ ನಿಂತಳು. ಅವರು ರೈಲಿನ ವಿಷಯ ಬಹಳ ಹೊತ್ತು ಮಾತಾಡಿದರು. ಮಾಲವ್ವ ರೈಲು ಕೇಳಿರಲಿಲ್ಲ.

ಬಸ್ಸು ರಾಜ್ಯ ಸರ್ಕಾರದ್ದು, ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ವಿಧಾನಸಭೆಯಲ್ಲಿ ಕೂಡುವ ಆಮದಾರರನ್ನು ಹಿಡಿ ಎಂದು ನಾನು ಹೇಳಿದೆ. ಅವರು ಸರ್ಕಾರಿ ಬಂಗಲೆಗೆ ಬಂದ ದಿನ ಕರೆದುಕೊಂಡೂ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಕಲಿಸಿದೆ: ರೋಗಿಗಳು, ಬಸುರಿಯರು, ಸಂತೆಗೆ ಹೋಗುವ ರೈತರು. ಸರಕು ಮಾರುವವನಿಗೆ ಇಷ್ಟು ಬಣ್ಣ ಹಚ್ಚಲು ಬಾರದಿದ್ದರೆ ಹೇಗೆ?

"ಊರಾಗ ಎಷ್ಟು ಮಂದಿ ಅದೀರಿ, ಯವ್ವಾ?" ಆಮದಾರರು ಕೇಳಿದರು.

"ನಾನೊಬ್ಬಾಕಿ ಅದೀನ್ರಿ."

"ಮತ್ತ ಬಸ್ಸು ಹತ್ತೋರು ಯಾರು?"

"ಹತ್ತೋರು ಇಲ್ರಿ. ಇಳಿಯೋರು ಅದಾರ. ನಿಂತ್ರ ಇಳೀತಾರ."

ನಾನು ಕಲಿಸಿದ ಬಸುರಿಯರೆಲ್ಲ ಬಂಗಲೆಯ ಹೊರಗೇ ಉಳಿದರು. ಆಮದಾರರು ನಗಲಿಲ್ಲ. ಅದಕ್ಕೇ ಅವರನ್ನು ನಾನು ಇಂದಿಗೂ ಬೈಯುವುದಿಲ್ಲ. ಡಿಪೋಕ್ಕೆ ಹೇಳಿ ಕಳಿಸಿದರು. ಬಸ್ಸು ನಿಲ್ಲತೊಡಗಿತು, ಒಂದು ಷರತ್ತಿನ ಮೇಲೆ: ದಿನಾ ಅಲ್ಲಿಂದ ಒಂದಾದರೂ ಟಿಕೀಟು ಹರಿಯಬೇಕು. ಇಲ್ಲವಾದರೆ ನಿಲುಗಡೆ ರದ್ದು.

ಬಸ್ಸು ನಿಂತಿತು; ಯಾರೂ ಇಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ನಾನು ಮೆಣಸಿನಕಾಯಿ ಮಾರಲು ದಾಂಡೇಲಿಗೆ ಹೋದವನು ಗೋದುಬಾಯಿಯ ಮನೆ ಹುಡುಕಿ, ಬಸ್ಸು ನಿಲ್ಲುತ್ತದೆ ಎಂದು ತಿಳಿಸಿದೆ. ಹೌದೇ ಎಂದು ನಿಜವಾಗಿಯೂ ಸಂತೋಷಪಟ್ಟಳು. ಆಮೇಲೆ ಗಂಡನ ಪಾಳಿ, ನಳದ ನೀರು ಬರುವ ಹೊತ್ತು, ಮಗಳ ಸಾಲಿ. ನಾನು ಏಳುವವರೆಗೂ ಬಿದರಹಕ್ಕಲದ ಹೆಸರು ಮತ್ತೆ ಬರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹಿಂದಿರುಗಿದೆ. ಬಿದರಹಕ್ಕಲದಲ್ಲಿ ಮಾಲವ್ವ ಕೈ ಮಾಡಿ ಹತ್ತಿದಳು. ಎಲ್ಲಿಗೆ ಎಂದು ಕಂಡಕ್ಟರ ಕೇಳಲೂ ಇಲ್ಲ; ಮುಂದಿನ ನಿಲುಗಡೆಗೆ ಟಿಕೀಟು ಹರಿದುಕೊಟ್ಟ. ದಿನವೂ ಅಲ್ಲಿ ಇಳಿದು ಎರಡು ಮೈಲಿ ವಾಪಸು ನಡೆಯುತ್ತಿದ್ದಾಳೆಂದು ಆಗ ತಿಳಿಯಿತು.

"ಗೋದಿ ಸಿಕ್ಕಿದ್ಲೇನ್ರಿ, ಸಾವಕಾರ್ರ?"

"ಸಿಕ್ಕಿದ್ಲು. ಬಸ್ಸು ನಿಲ್ತೈತಿ ಅಂತ ಹೇಳೇನಿ."

"ಹಂಗಾರ ನಾ ದಿನಾ ಹತ್ತಬೇಕು ನೋಡ್ರಿ. ಆಕಿ ಬರೂ ದಿನಾನ ನಿಲ್ಲಲಿಲ್ಲ ಅಂದ್ರ?"

ಇನ್ನು ಮೇಲೆ ಬೆಲ್ಲ ಕಡಿಮೆ ಒಯ್ದರೂ ನಡೆದೀತು ಎಂದೆ. ವ್ಯಾಪಾರಿಯ ಬಾಯಿಂದ ಬರಬಾರದ ಮಾತು. ಅವಳು ತಮಾಷೆಯೆಂದು ತಿಳಿದು ನಕ್ಕಳು. ಕಿಟಕಿಯ ಪಕ್ಕದ ಕೂಸಿನ ಕೈಗೆ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ಕೊಟ್ಟು ಇಳಿದಳು.

ಬಸ್ಸು ಹಳಿಯಾಳದ ಕಡೆ ಹೊರಟಿತು. ಬಗ್ಗಿ ಹಿಂದೆ ನೋಡಿದೆ. ಖಾಲಿ ರಸ್ತೆಯಲ್ಲಿ ಅವಳು ಬಿರಬಿರನೆ ನಡೆಯುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಯಾರಾದರೂ ಇಳಿದರೆ ಮನೆಯ ಬಾಗಿಲು ಮುಚ್ಚಿರಬಾರದಲ್ಲ.