ಎತ್ತರದ ಪ್ರಕಾರ ನಿಂತ ಡೇಲಿಯಾಗಳು

ನಮ್ಮ ದೊಡ್ಡಮ್ಮ ತಾಳ್ಮೆಯ ಮೂರ್ತಿ ಎಂದು ನೆಂಟರು ಹೊಗಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ತಾಳ್ಮೆಯಂತೆ, ತಾಳ್ಮೆ! ಹೇಳಿದರೆ ಕೇಳುವವರಿಲ್ಲ ಎಂದು ಗೊತ್ತಿದ್ದವಳು ಬಾಯಿ ಮುಚ್ಚಿಕೊಂಡಿದ್ದಳು, ಅಷ್ಟೆ.

ಮೂವತ್ತೆಂಟು ವರ್ಷ ಅವಳು ಮನೆಯ ಹಿಂದಿನ ಕೋಣೆಯಲ್ಲಿ ಮಿಷಿನ್ ತುಳಿದು ಊರಿಗೆಲ್ಲ ಬಟ್ಟೆ ಹೊಲಿದಳು. ದೊಡ್ಡಪ್ಪ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾದರೂ ಅವರ ಸೀಟಿ ಗೋಡೆಯ ಮೊಳೆಯಿಂದ ಇಳಿದಿರಲಿಲ್ಲ, ದನಿಯೂ ಇಳಿದಿರಲಿಲ್ಲ. ಮನೆಯಲ್ಲಿ ಚಪ್ಪಲಿಗಳು ಕೂಡ ಸಾಲಾಗಿ ನಿಲ್ಲಬೇಕಿತ್ತು. ಓದಿಗೆಂದು ನಾನು ಅವರ ಮನೆಯಲ್ಲಿದ್ದ ವರ್ಷ ನಡೆದದ್ದು ಇದು.

ದೊಡ್ಡಮ್ಮ ಜೀವಮಾನದಲ್ಲಿ ತನಗೆಂದು ಕೇಳಿದ್ದು ಒಂದೇ. ಮನೆಯ ಪಕ್ಕದ ಹುಲ್ಲುಹಾಸಿನ ನಟ್ಟನಡುವೆ, ಯಾವ ಗೋಡೆಗೂ ಅಂಟದ ಒಂದು ಹೂವಿನ ಪಾತಿ. ಅದಕ್ಕೆ ಅವಳೇ ಇಟ್ಟ ಹೆಸರು ನಡುಗಡ್ಡೆ. ಸುತ್ತಲೂ ನಡೆದಾಡಬೇಕು, ಎಲ್ಲಿ ನಿಂತರೂ ಹೂವು ಕಾಣಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮಿಷಿನ್ ಮುಂದೆ ಕೂತು ತಲೆ ಎತ್ತಿದರೆ ಕಾಣಬೇಕು. ಅಷ್ಟು ವರ್ಷ ಆ ಕಿಟಕಿಯಾಚೆ ಇದ್ದದ್ದು ಬರೀ ಹುಲ್ಲು.

ಅವಳು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಹಳೇ ಪತ್ರಿಕೆಗಳನ್ನು ಅಂಟಿಸಿ, ಗೋಡಂಬಿ ಆಕಾರದಲ್ಲಿ ಕತ್ತರಿಸಿ, ಹುಲ್ಲಿನ ಮೇಲೆ ಹರಡಿ, ಹೇರ್‌ಪಿನ್ನು ಚುಚ್ಚಿದಳು. ಆಮೇಲೆ ಅಡುಗೆಮನೆಯಿಂದ ನೋಡಿದಳು, ಗೇಟಿನಿಂದ ನೋಡಿದಳು, ಮಿಷಿನ್ ಮುಂದೆ ಕೂತು ನೋಡಿದಳು. ಟ್ರಯಲ್ ನೋಡದೆ ಕತ್ತರಿ ಹಾಕುವ ಜಾಯಮಾನ ಅವಳದಲ್ಲ. ನಾಲ್ಕು ಸಲ ಕಾಗದ ಬದಲಾಯಿತು. ಒಂದು ಕಡೆ ಸಡಿಲ ಬಿಟ್ಟಳು, ಇನ್ನೊಂದು ಕಡೆ ಒಳಗೆ ಹಿಡಿದಳು. ಕೊನೆಗೆ ಅದರ ಅಂಚಿನಗುಂಟ ಅಗೆದು, ನಡುವೆ ಮಣ್ಣು ಏರಿಸಿ, ನೆತ್ತಿಯ ಮೇಲೆ ಹನ್ನೊಂದು ಡೇಲಿಯಾ, ಅದರ ಸುತ್ತ ಕೆಂಪು ಸಾಲ್ವಿಯಾ, ಅಂಚಿಗೆ ಪಟ್ಟಿ ಕೊಟ್ಟ ಹಾಗೆ ಟೇಬಲ್ ರೋಸ್ ನೆಟ್ಟಳು. ಕಾಗದವನ್ನು ಖಾಯಂ ಗಿರಾಕಿಗಳ ಅಳತೆಯ ಜೊತೆ ಮಡಚಿ ಬೀರುವಿನಲ್ಲಿಟ್ಟಳು.

ಅದಾಗಿ ಮೂರು ವಾರಕ್ಕೆ ಅವಳ ಬಲಗಣ್ಣಿನ ಪೊರೆ ತೆಗೆಸಬೇಕಾಯಿತು. ಆಸ್ಪತ್ರೆ ನಮ್ಮೂರಲ್ಲಿ, ನಮ್ಮ ಮನೆಯ ಹತ್ತಿರ ಇದ್ದುದರಿಂದ ಅಲ್ಲೇ ನನ್ನಮ್ಮನ ಜೊತೆ ಮೂರು ದಿನ ಉಳಿದಳು.

ಆ ಮೂರು ದಿನದಲ್ಲಿ ದೊಡ್ಡಪ್ಪ ಪಾತಿಯನ್ನು ಶಿಸ್ತಿಗೆ ತಂದರು. ಉದ್ದದವರು ನಡುವೆ ಗುಂಪುಗೂಡಿ ನಿಲ್ಲುವುದು ಎಲ್ಲಾದರೂ ಉಂಟೇ ಎಂದು ಅವರ ವಾದ. ಎಲ್ಲವನ್ನೂ ಕಿತ್ತು, ತಮ್ಮ ಕುರ್ಚಿ ಇರುವ ಮುಂದಿನ ಜಗಲಿಯ ಎದುರು, ಕಾಂಪೌಂಡ್ ಗೋಡೆಗೆ ಸೇರಿಸಿ, ಕುಳ್ಳಗಿನವು ಮುಂದೆ, ಎತ್ತರದವು ಹಿಂದೆ, ಶಾಲೆಯ ಗ್ರೂಪ್ ಫೋಟೊಗೆ ನಿಲ್ಲಿಸಿದ ಹಾಗೆ ನೆಟ್ಟರು. ಕೈ ಚಾಚಿ ಅಂತರ ಅಳೆದರು. ನಡುಗಡ್ಡೆಯ ಮಣ್ಣು ಸಮ ಮಾಡಿ ಹುಲ್ಲು ಮುಚ್ಚಿದರು. ಅವಳಿಗೆ ಎಷ್ಟು ಖುಷಿಯಾಗುತ್ತೆ ನೋಡು ಎಂದು ನನಗೆ ಹೇಳಿದರು. ನಾನೇನು ಮಾಡಿದೆ? ಬುಟ್ಟಿಯಲ್ಲಿ ಗಿಡ ಹೊತ್ತು ಕೊಟ್ಟೆ. ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ. ಆ ಸಿಟ್ಟು ನನ್ನ ಮೇಲೇ ನನಗೆ ಇವತ್ತಿಗೂ ಇದೆ.

ಕಪ್ಪು ಕನ್ನಡಕ ಹಾಕಿಕೊಂಡು ದೊಡ್ಡಮ್ಮ ಗೇಟು ತೆರೆದಳು. ಗೋಡೆ ಬದಿಯ ಸಾಲು ನೋಡಿದಳು. ನೇರ ಹಿಂದಿನ ಕೋಣೆಗೆ ಹೋಗಿ ಮಿಷಿನ್ ಮುಂದೆ ಕೂತು ಕಿಟಕಿಯಾಚೆ ನೋಡಿದಳು. ಬರೀ ಹುಲ್ಲು. ಎದ್ದು ಬಂದವಳೇ ಮೂಲೆಯ ಗುದ್ದಲಿ ಎತ್ತಿಕೊಂಡು ಹುಲ್ಲುಹಾಸಿನ ನಡುವೆ ಹೋಗಿ ಬಗ್ಗಿದಳು.

"ಒಂದು ತಿಂಗಳು ಬಗ್ಗಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ?" ಎಂದರು ದೊಡ್ಡಪ್ಪ.

"ಹೇಳಿದಾರೆ. ನೀವು ಬಗ್ಗೋದಿಲ್ಲ ಅಂದ್ರೆ ನಾನೇ ಬಗ್ತೀನಿ. ಈ ಕಣ್ಣು ಹೋದ್ರೆ ಹೋಗ್ಲಿ, ಇನ್ನೊಂದಿದೆ."

ಗುದ್ದಲಿ ಒಂದು ಸಲ ನೆಲಕ್ಕೆ ಬಿತ್ತು. ಎರಡನೆಯ ಸಲ ಎತ್ತುವಷ್ಟರಲ್ಲಿ ದೊಡ್ಡಪ್ಪ ಓಡಿ ಹೋಗಿ ಕಿತ್ತುಕೊಂಡರು. ಅವರ ಮುಖ ಬಿಳಿಚಿತ್ತು.

ನಾಲ್ಕು ದಿನ ಅವರು ಅಗೆದರು. ದೊಡ್ಡಮ್ಮ ಜಗಲಿಯ ಆ ಕುರ್ಚಿಯನ್ನೇ ಹುಲ್ಲಿಗೆ ತರಿಸಿಕೊಂಡು, ಕೊರಳಿಗೆ ಟೇಪು ಹಾಕಿಕೊಂಡು ಕೂತಳು. ಬೀರುವಿನ ಕಾಗದ ಮತ್ತೆ ಹುಲ್ಲಿನ ಮೇಲೆ ಬಂತು. ಗೆರೆ ಒಂದು ಬೆರಳು ದಾಟಿದರೂ ಮುಚ್ಚಿಸಿ ಮತ್ತೆ ಅಗೆಸಿದಳು. ಬೆನ್ನು ಹಿಡಿಯಿತು ಎಂದರೆ ಹೌದಾ ಎಂದಳು, ಅಷ್ಟೆ. ನನಗೆ ಅಯ್ಯೋ ಅನಿಸಲಿಲ್ಲ, ಹೊಟ್ಟೆ ತಣ್ಣಗಾಯಿತು. ಆದರೂ ಎರಡು ಸಲ ಬೇರು ಕಿತ್ತ ಗಿಡಗಳು ಎಷ್ಟೆಂದು ತಾಳುತ್ತವೆ? ಡೇಲಿಯಾದಲ್ಲಿ ಉಳಿದದ್ದು ಐದು. ಸತ್ತವುಗಳ ಜಾಗ ತುಂಬಲು ಅವಳು ಬಿಡಲಿಲ್ಲ. ಕಾಣಲಿ ಎಂದಳು.

ಉಳಿದವು ಹೂ ಬಿಟ್ಟ ಬೆಳಿಗ್ಗೆ ದೊಡ್ಡಪ್ಪ ಮೊದಲ ಸಲ ಆ ನಡುಗಡ್ಡೆಯನ್ನು ಸುತ್ತು ಹಾಕಿದರು. ಆಚೆ ಬದಿಗೆ ಹೋದವರು ಹೂವಿನ ಮೇಲಿಂದ ಮನೆಯತ್ತ ನೋಡಿ ನಿಂತುಬಿಟ್ಟರು.

"ಇಲ್ಲಿಂದ ನಿನ್ನ ಮಿಷಿನ್ ಕಾಣುತ್ತಲ್ಲ," ಎಂದರು, ಏನೋ ಹೊಸದು ಕಂಡವರ ಹಾಗೆ.

ದೊಡ್ಡಮ್ಮ ಕಿಟಕಿಯೊಳಗೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮೂವತ್ತೆಂಟು ವರ್ಷದಿಂದ ಅಲ್ಲೇ ಇದೆ," ಎಂದಳು.