ಮೊರಾಗ್ ಮೇಡಂ ತಾಯಿಯ ಊರು

ಕಳೆದ ತಿಂಗಳು ವೀಸಾ ನವೀಕರಣಕ್ಕೆಂದು ಬರ್ ದುಬೈಯ ಟೈಪಿಂಗ್ ಸೆಂಟರಿಗೆ ಹೋಗಿದ್ದೆ. ಈ ಊರು ನೋಡದವರಿಗೆ ಹೇಳುತ್ತೇನೆ: ಇಲ್ಲಿ ಸರ್ಕಾರಕ್ಕೆ ಏನೇ ಅರ್ಜಿ ಹಾಕಬೇಕಿದ್ದರೂ ಮೊದಲು ಅದನ್ನು ಅರಬ್ಬಿಯಲ್ಲಿ ಟೈಪು ಮಾಡಿಕೊಡುವ ಒಬ್ಬ ಮಲಯಾಳಿಯ ಮುಂದೆ ಕೂರಬೇಕು. ಆತ ತಲೆಯೆತ್ತದೆ, "ಪರ್ಮನೆಂಟ್ ಅಡ್ರೆಸ್?" ಎಂದ. ನಾನು ಎಂದಿನ ಠೀವಿಯಿಂದ ನಮ್ಮ ಮನೆತನದ ಮನೆಯ ಹೆಸರು ಹೇಳಿದೆ. ಹೇಳುತ್ತಿದ್ದಂತೆ ನಾಲಿಗೆ ಕಹಿಯಾಯಿತು.

ಆ ಮನೆಯನ್ನು ನಾನು ಕಂಡೇ ಇಲ್ಲ. ನನ್ನ ಅಜ್ಜಿ ಚಿಕ್ಕವಳಿದ್ದಾಗಲೇ ಅದು ಬಿದ್ದುಹೋಯಿತಂತೆ. ಆದರೂ ನಮ್ಮ ಕರಾವಳಿಯ ಕಡೆ ಯಾವ ಮದುವೆಗೆ ಹೋದರೂ ಹಿರಿಯರು ಕೇಳುವುದು ನಿಮ್ಮ ಹೆಸರನ್ನಲ್ಲ, "ನೀವು ಯಾವ ಮನೆಯವರು ಮಾರಾಯ್ರೆ?" ಎಂದು. ನಾವು ಆ ಇಲ್ಲದ ಮನೆಯ ಹೆಸರು ಹೇಳುತ್ತೇವೆ, ಅವರು ಗೌರವದಿಂದ ತಲೆಯಾಡಿಸುತ್ತಾರೆ. ಮೂರು ತಲೆಮಾರು ಬಾಡಿಗೆ ಮನೆಗಳಲ್ಲಿ ಕಳೆದರೂ ಆ ಹೆಸರು ನಮ್ಮನ್ನು ಬಿಡುವುದಿಲ್ಲ. ಇದೇ ತಿಳಿವಳಿಕೆಯನ್ನು ಹೊತ್ತುಕೊಂಡು ನಾನು ಸ್ಕಾಟ್ಲೆಂಡಿನವರೆಗೆ ಹೋದೆ, ದುಬೈಯ ಕುರ್ಚಿಯಲ್ಲಿ ಕೂತೇ.

ಬುರ್ಜ್ ಖಲೀಫಾದ ಉದ್ಘಾಟನೆಯಾಗಿ ಎರಡು ವರ್ಷ ಆಗಿತ್ತು. ನಾನು ಕಟ್ಟಡ ವಿನ್ಯಾಸದ ಒಂದು ಕಚೇರಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಹೆಸರು ಕೇಳಿದರೆ ಏನೋ ದೊಡ್ಡ ಅಧಿಕಾರ ಅನ್ನಿಸುತ್ತದೆ. ಕೆಲಸ ಮಾತ್ರ ಎಂಜಿನಿಯರುಗಳು ನಕ್ಷೆಯ ಅಂಚಿನಲ್ಲಿ ಗೀಚಿದ್ದನ್ನು ಓದಿ, ನಂಬರು ಹಾಕಿ, ಕಡತದಲ್ಲಿ ಇಡುವುದು. ಅವರ ಅಕ್ಷರ ಕೆಲವೊಮ್ಮೆ ಅವರಿಗೇ ಅರ್ಥವಾಗುತ್ತಿರಲಿಲ್ಲ, ನನಗೆ ಆಗುತ್ತಿತ್ತು. ಆಡಳಿತ ವಿಭಾಗದ ಮುಖ್ಯಸ್ಥೆ ಮೊರಾಗ್ ಮೇಡಂ ಒಂದು ದಿನ ಕಂದುಬಣ್ಣಕ್ಕೆ ತಿರುಗಿದ ಹಾಳೆಯೊಂದರ ಪ್ರಿಂಟು ತಂದು ನನ್ನ ಮೇಜಿನ ಮೇಲಿಟ್ಟರು. ನಿವೃತ್ತಿಗೆ ಒಂದು ವರ್ಷವಿದ್ದ, ಚಹಾಕ್ಕೆ ಸಕ್ಕರೆ ಹಾಕದ, ಯಾರ ಹುಟ್ಟುಹಬ್ಬವನ್ನೂ ಮರೆಯದ ಹೆಂಗಸು.

"ಇದನ್ನು ಓದಬಲ್ಲೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನನ್ನ ಭಾಷೆಯೇ, ಆದರೆ ನನಗೆ ಒಂದಕ್ಷರವೂ ತಿಳಿಯುತ್ತಿಲ್ಲ."

ಅದು ಅವರ ದೇಶದ ಹಳೆಯ ಚರ್ಚೊಂದರ ದಾಖಲೆ. ಹುಟ್ಟಿದ ಮಗುವಿನ ಹೆಸರು, ತಂದೆತಾಯಿಯ ಹೆಸರು, ಕೊನೆಯಲ್ಲಿ ಜಾಗದ ಹೆಸರು. ಮೇಡಂ ತಾಯಿ ಹಿಂದಿನ ವರ್ಷ ಗ್ಲಾಸ್ಗೋದಲ್ಲಿ ತೀರಿಕೊಂಡಿದ್ದರು. ಸಾಯುವ ಮೊದಲು ಒಂದೇ ಮಾತು ಕೇಳಿದ್ದರಂತೆ: ನನ್ನ ಬೂದಿಯನ್ನು ಈ ಪಟ್ಟಣದಲ್ಲಿ ಬಿಡಬೇಡ, ನಮ್ಮವರು ಎಲ್ಲಿಂದ ಬಂದರೋ ಅಲ್ಲಿ ಬಿಡು. ಎಲ್ಲಿಂದ ಬಂದರು ಎಂಬುದು ಆಕೆಗೂ ಗೊತ್ತಿರಲಿಲ್ಲ. ಬೂದಿಯ ಡಬ್ಬಿ ಗ್ಲಾಸ್ಗೋದಲ್ಲಿ ಅಂತ್ಯಕ್ರಿಯೆ ನಡೆಸಿಕೊಟ್ಟವರ ಕಪಾಟಿನಲ್ಲಿ ಕಾಯುತ್ತಿತ್ತು. ಮಗಳು ದುಬೈಯಲ್ಲಿ ಕೂತು ಆ ಜಾಗ ಹುಡುಕುತ್ತಿದ್ದಳು.

ಆಮೇಲೆ ಪ್ರತಿ ಗುರುವಾರ ಕೆಲಸ ಮುಗಿದ ಮೇಲೆ ನಾವಿಬ್ಬರೂ ಕೂರುತ್ತಿದ್ದೆವು. ಪಾದ್ರಿಗಳು ಒಂದೇ ಊರನ್ನು ಹತ್ತು ಬಗೆಯಲ್ಲಿ ಬರೆದಿದ್ದರು. ನಾನು ಕ್ರಮೇಣ ಪಳಗಿದೆ. ಹೆಸರಿನ ಮೊದಲಿಗೆ 'ಬಾಲ್' ಬಂದರೆ ಊರು, 'ಆಖ್' ಬಂದರೆ ಗದ್ದೆ, 'ನಾಕ್' ಬಂದರೆ ಗುಡ್ಡ. ನಮ್ಮಲ್ಲಿ ಊರ ಹೆಸರಿನ ಕೊನೆಗೆ ಬರುವ, ಗದ್ದೆಯ ಬೈಲು, ಗುಡ್ಡದ ಮೇಲಿನ ಪದವುಗಳ ಹಾಗೆಯೇ. ಇದು ತಿಳಿದ ದಿನ ಸ್ಕಾಟ್ಲೆಂಡು ನನಗೆ ನೆಂಟರ ಊರಾಗಿಬಿಟ್ಟಿತು. ದುಬೈಯ ಕರಾಮಾದ ಬಾಡಿಗೆ ಕೋಣೆಯಲ್ಲಿ ನನ್ನ ಜತೆಗಿದ್ದ ಮಂಗಳೂರಿನ ವಿನ್ಸೆಂಟ್, ಆಸ್ಪತ್ರೆಯ ಲ್ಯಾಬಿನವನು, ನನ್ನ ಉತ್ಸಾಹ ನೋಡಿ ನಗುತ್ತಿದ್ದ. "ನಿಮ್ಮ ಅಜ್ಜನ ಹೆಸರು ಕೇಳಿದ್ರೆ ತಲೆ ಕೆರೀತೀರಿ, ಅವರ ಅಜ್ಜನ ಅಜ್ಜಂದು ಬಾಯಿಪಾಠ ಉಂಟಲ್ಲ ಮಾರಾಯ್ರೆ!"

ಏಳೆಂಟು ತಿಂಗಳಿಗೆ ಮೇಡಂ ತಾಯಿಯ ಮುತ್ತಜ್ಜ ಹುಟ್ಟಿದ ದಾಖಲೆ ಸಿಕ್ಕಿತು. ಅದರ ಕೊನೆಯಲ್ಲಿ ಆಖನ್‌ತೂಲ್ ಎಂಬ ಹೆಸರು. ಈಗಿನ ಭೂಪಟದಲ್ಲಿ ಅಂಥ ಜಾಗವಿಲ್ಲ. ಹಳೆಯದೊಂದು ಸರ್ವೆ ನಕ್ಷೆಯಲ್ಲಿ ಹುಡುಕಿದೆ. ಆ ನಕ್ಷೆಯಲ್ಲಿ ಮಾಡು, ಎಂದರೆ ಚಾವಣಿ, ಇರುವ ಮನೆಗಳಿಗೆ ಬಣ್ಣ ತುಂಬಿದ್ದರು, ಮಾಡು ಹೋದವನ್ನು ಬರಿಯ ಗೆರೆಯಲ್ಲಿ ತೋರಿಸಿದ್ದರು. ಗುಡ್ಡದ ಬುಡದಲ್ಲಿ ಗೆರೆಯ ಮೂರು ಚೌಕ, ಪಕ್ಕದಲ್ಲಿ ಆ ಹೆಸರು. ನನಗೆ ಸಂಶಯವೇ ಬರಲಿಲ್ಲ. ಮನುಷ್ಯನ ಹೆಸರಿನ ಜತೆ ಜಾಗದ ಹೆಸರು ಇದ್ದರೆ ಅದು ಮೂಲ ಮನೆಯಲ್ಲದೆ ಇನ್ನೇನು?

"ಮೇಡಂ, ಇದು ನಿಮ್ಮ ಮನೆ," ಎಂದೆ. ಪುರೋಹಿತರಂತೆ ನಮ್ಮ ಕಡೆಯ ಪದ್ಧತಿಯನ್ನೂ ವಿವರಿಸಿದೆ. ಮನೆ ಬಿದ್ದರೂ ಹೆಸರು ಬೀಳುವುದಿಲ್ಲ ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಅತ್ತರು. ಮರುದಿನ ಇಡೀ ಕಚೇರಿಗೆ ಸುದ್ದಿ ಹೋಯಿತು. ನನ್ನ ಹೆಸರನ್ನು ಒಮ್ಮೆಯೂ ಸರಿಯಾಗಿ ಉಚ್ಚರಿಸದ ಜನರಲ್ ಮ್ಯಾನೇಜರು ಬಂದು ಬೆನ್ನು ತಟ್ಟಿದ. ಸುಳ್ಳೇಕೆ ಹೇಳಲಿ, ಅಷ್ಟು ವರ್ಷದ ದುಡಿಮೆಯಲ್ಲಿ ನಾನೂ ಒಬ್ಬ ಮನುಷ್ಯ ಎಂದು ಅಲ್ಲಿ ಯಾರಾದರೂ ಗಮನಿಸಿದ್ದು ಆಗಲೇ.

ಮೇಡಂ ನಿವೃತ್ತಿಯ ದಿನ ಹತ್ತಿರ ಬಂತು. ಊರಿಗೆ ಮರಳಿದ ಕೂಡಲೇ ತಾಯಿಯ ಬೂದಿಯನ್ನು ಆಖನ್‌ತೂಲಿಗೆ ಒಯ್ಯುವುದೆಂದು ನಿಶ್ಚಯ. ಎಲ್ಲ ಪುಟಗಳನ್ನೂ ಸೇರಿಸಿ ಒಂದು ಚೆಂದದ ಪುಸ್ತಕ ಕಟ್ಟಿಕೊಡಲು ನಾನು ಒಪ್ಪಿಕೊಂಡಿದ್ದೆ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿದ್ದ ಅವರು, ಅಕ್ಕಪಕ್ಕದ ಚರ್ಚುಗಳಿಂದ ಕೊನೆಗೆ ಬಂದ ನಾಲ್ಕು ಪುಟಗಳನ್ನು ತೆರೆದೂ ನೋಡದೆ ನನಗೆ ಕಳಿಸಿದರು. ಓದುವವನು ಹೇಗೂ ನಾನೇ ತಾನೆ.

ಓದಿದೆ. ಆ ಮುತ್ತಜ್ಜನ ತಂದೆತಾಯಿಯಾದ ಅದೇ ಗಂಡ, ಅದೇ ಹೆಂಡತಿ, ಅವರ ಇನ್ನೂ ನಾಲ್ಕು ಮಕ್ಕಳು. ಒಂದೊಂದು ಮಗು ಹುಟ್ಟಿದ್ದೂ ಒಂದೊಂದು ಜಾಗದಲ್ಲಿ. ಆ ಕಾಲದ ರೈತಾಪಿ ಆಳುಗಳ ಬಗ್ಗೆ ಹುಡುಕಿ ಓದಿದ ಮೇಲೆ ಎಲ್ಲ ಬಿಚ್ಚಿಕೊಂಡಿತು. ಆರು ತಿಂಗಳಿಗೋ ವರ್ಷಕ್ಕೋ ಒಂದು ಜಮೀನಿನಲ್ಲಿ ಕರಾರು. ಮುಗಿದ ದಿನ ಗಂಟುಮೂಟೆ ಕಟ್ಟಿ ಇನ್ನೊಬ್ಬ ಧಣಿಯ ಗುಡಿಸಲಿಗೆ. ಆಖನ್‌ತೂಲ್ ಅವರ ಮನೆಯೇ ಅಲ್ಲ, ಒಂದು ಕರಾರಿನ ವಿಳಾಸ. ಕೊನೆಯ ಪುಟದಲ್ಲಿ ಇಪ್ಪತ್ತು ಮೈಲಿ ಆಚೆಯ ಒಂದು ಹಳ್ಳಿಯ ಚರ್ಚು. ಆ ಹೆಂಡತಿ ಹುಟ್ಟಿದ್ದು ಅಲ್ಲಿ, ಅವಳ ತಾಯಿ ಮಣ್ಣಾದದ್ದು ಅಲ್ಲಿ, ಕೊನೆಗೆ ಗಂಡಹೆಂಡಿರಿಬ್ಬರೂ ಮಣ್ಣಾದದ್ದು ಅಲ್ಲಿಯೇ. ಬೂದಿ ಹೋಗಬೇಕಿದ್ದ ಜಾಗ ಅದು.

ವಿನ್ಸೆಂಟನಿಗೆ ತೋರಿಸಿದೆ. ಅವನು ಈ ಸಲ ನಗಲಿಲ್ಲ. "ಇದು ನಮ್ಮದೇ ಕತೆ ಅಲ್ವಾ ಮಾರಾಯ್ರೆ. ಇವತ್ತು ಸತ್ವಾ, ನಾಳೆ ಕರಾಮಾ, ವೀಸಾ ಖಲಾಸ್ ಆದ್ರೆ ಅದೂ ಇಲ್ಲ. ನಮ್ಮ ರೂಮಿನ ಅಡ್ರೆಸ್ ನೋಡಿ ನಮ್ಮ ಮೂಲಸ್ಥಾನ ಇದು ಅಂತ ಯಾರಾದ್ರೂ ಹೇಳಿದ್ರೆ ಹೇಗಾಗ್ತದೆ?"

ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷದಲ್ಲಿ ಒಂಬತ್ತು ಕೋಣೆ ಬದಲಿಸಿದವನು ನಾನು. ಕರಾರಿನ ಆಳು ಎಂದರೆ ಏನೆಂದು ಆ ಕಚೇರಿಯಲ್ಲಿ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ನನಗೆ. ಆದರೆ ನನಗೆ ಬೇಕಾಗಿದ್ದದ್ದು ಹೆಸರುಳ್ಳ ಮನೆತನ. ಅವರಿಗೂ ಒಂದು, ನನಗೂ ಒಂದು.

"ನಾಳೆಯೇ ಹೇಳಿ ಬಿಡಿ," ಎಂದ ವಿನ್ಸೆಂಟ್. "ಬೂದಿ ಒಮ್ಮೆ ಚೆಲ್ಲಿದ ಮೇಲೆ ಪುನಃ ಒಟ್ಟು ಮಾಡ್ಲಿಕ್ಕೆ ಆಗ್ತದಾ?"

ಹೇಳಲಿಲ್ಲ. ಟಿಕೇಟು ಆಗಿದೆ ಎಂದುಕೊಂಡೆ, ಈ ಹೊತ್ತಿನಲ್ಲಿ ಅವರ ಮನಸ್ಸು ನೋಯಿಸುವುದೇಕೆ ಎಂದುಕೊಂಡೆ. ಅದೆಲ್ಲ ನೆಪ. ಬೆನ್ನು ತಟ್ಟಿದ ಆ ಕೈ ಹಿಂದಕ್ಕೆ ಹೋದೀತೆಂಬ ಹೆದರಿಕೆಯೇ ನಿಜ. ನಾಲ್ಕು ಪುಟ ತೆಗೆದಿಟ್ಟು ಉಳಿದದ್ದನ್ನು ಕಟ್ಟಿಸಿದೆ. ಬೀಳ್ಕೊಡುಗೆಯ ದಿನ ಮೇಡಂ ಆ ಪುಸ್ತಕವನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು, ನಾನು ಕೇಕು ತಿಂದೆ.

ಎರಡು ವಾರಕ್ಕೆ ಒಂದು ಚಿತ್ರ ಬಂತು: ಹುಲ್ಲು ಬೆಳೆದ ಕಲ್ಲಿನ ಗೋಡೆ, ಮಂಜು, ಖಾಲಿ ಡಬ್ಬಿ ಹಿಡಿದ ಮೇಡಂ. "ಅಮ್ಮ ಮನೆ ಸೇರಿದಳು" ಎಂದು ಬರೆದಿದ್ದರು. ಅಂದಿನಿಂದ ಪ್ರತಿ ಹೊಸ ವರ್ಷಕ್ಕೆ ಅವರಿಂದ ಶುಭಾಶಯ ಬರುತ್ತಿತ್ತು. ಕೊನೆಯ ಸಾಲು ಪ್ರತಿ ಸಲವೂ ಒಂದೇ: "ನಮ್ಮ ಪುಟಗಳಲ್ಲಿ ಹೊಸದೇನಾದರೂ ಕಂಡಿತೆ?" ನಾನು ಪ್ರತಿ ಸಲವೂ "ಇಲ್ಲ ಮೇಡಂ" ಎಂದು ಉತ್ತರಿಸುತ್ತಿದ್ದೆ. ಹೀಗೆ ಆರು ವರ್ಷ.

ಟೈಪಿಂಗ್ ಸೆಂಟರಿನಿಂದ ಬಂದ ಸಂಜೆ ಇನ್ನು ತಡೆಯಲಾಗಲಿಲ್ಲ. ಕೂತು ಎಲ್ಲವನ್ನೂ ಬರೆದೆ. ನಾಲ್ಕು ಪುಟಗಳನ್ನೂ ಜತೆಗೆ ಕಳಿಸಿದೆ. ತಿಳಿದೂ ಮುಚ್ಚಿಟ್ಟೆ, ಕ್ಷಮಿಸಿ ಎಂದೆ. ಬರೆದು ಮುಗಿಸಿದಾಗ ಎದೆ ಹಗುರಾಯಿತು, ಆ ಹಗುರದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ಅಂಥವನು.

ಹನ್ನೊಂದು ದಿನದ ಮೇಲೆ ಉತ್ತರ ಬಂತು.

"ಬೂದಿ ಬಿಟ್ಟ ಮರುವಾರವೇ ಅಲ್ಲಿನ ಗ್ರಂಥಾಲಯದಾಕೆ ನನಗೆ ಇವೇ ಪುಟಗಳನ್ನು ಓದಿ ಹೇಳಿದಳು. ನಾನೇ ನಿನಗೆ ಕಳಿಸಿದ್ದ ಪುಟಗಳು. ನಿನ್ನ ಕಣ್ತಪ್ಪಿರಬೇಕು ಎಂದುಕೊಂಡೆ. ತಪ್ಪು ಯಾರಿಗೂ ಆಗುತ್ತದೆ, ಎಂದಾದರೂ ಕಂಡರೆ ನೀನೇ ಹೇಳುತ್ತೀ ಎಂದು ವರ್ಷ ವರ್ಷ ಕೇಳಿದೆ. ಕಣ್ತಪ್ಪಿರಲಿಲ್ಲ ಎಂದು ಈಗ ಗೊತ್ತಾಯಿತು. ಇನ್ನು ಕೇಳುವುದಿಲ್ಲ."

ವಿನ್ಸೆಂಟ್ ಈಗ ಅಬುಧಾಬಿ ಕಡೆಯ ರುವೈಸಿನ ಆಸ್ಪತ್ರೆಯಲ್ಲಿದ್ದಾನೆ. ಫೋನು ಮಾಡಿ ಓದಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, "ಊಟ ಆಯ್ತಾ?" ಎಂದು ಕೇಳಿದ. ಆಮೇಲೆ ಮೇಡಂಗೆ ಉತ್ತರ ಬರೆಯಲು ಕುಳಿತೆ. ಕ್ಷಮೆಯನ್ನು ಹಿಂದಿನ ಪತ್ರದಲ್ಲೇ ಕೇಳಿಯಾಗಿತ್ತು. ಬರೆಯಲು ಬೇರೇನೂ ಉಳಿದಿರಲಿಲ್ಲ.